ರಸ್ತೆಬದಿಯ ಕೆಟ್ಟು ನಿಂತ ಗಾಡಿಗಳನ್ನು ನಾವು ತೆಗೆಸಿದ್ದು ಹೀಗೆ

ಬೆಂಗಳೂರಿನ ದಕ್ಷಿಣ ಭಾಗದ ಒಂದು ಹಳೆಯ ಬಡಾವಣೆಯಲ್ಲಿ ನಿವಾಸಿಗಳ ಸಂಘದ ಕಾರ್ಯದರ್ಶಿ ನಾನು. ನೀರು, ಬೀದಿದೀಪ ಬಿಟ್ಟರೆ ನಮಗೆ ಹೆಚ್ಚಾಗಿ ಬರುವ ದೂರು ನಿಂತಲ್ಲೇ ಕೊಳೆಯುವ ಗಾಡಿಗಳದ್ದು. ನಾಲ್ಕೂ ಟೈರು ನೆಲಕಚ್ಚಿದ ಕಾರು, ಪೌರಕಾರ್ಮಿಕರ ಪೊರಕೆ ತಲುಪದ ಅದರ ಅಡಿಯಲ್ಲಿ ಕಸ, ಹಿಂದೆ ಕಟ್ಟಿದ ಸ್ಟೆಪ್ನಿಯಲ್ಲಿ ಮಳೆನೀರು, ಅದರಲ್ಲಿ ಸೊಳ್ಳೆ ಮರಿ. ಈ ಓಡಾಟದಲ್ಲಿ ನನಗೆ ಗಟ್ಟಿಯಾದ ಮಾತು ಇಷ್ಟು: ವಾರಸುದಾರರೇ ಇಲ್ಲದ ಗಾಡಿ ಅಪರೂಪ. ಹೆಚ್ಚಿನವಕ್ಕೆ ಮಾಲೀಕರಿದ್ದಾರೆ, ಬಹಳ ಸಲ ಅದೇ ರಸ್ತೆಯಲ್ಲೇ ಇದ್ದಾರೆ. ಸಿಕ್ಕಿಹಾಕಿಕೊಂಡಿರುವುದು ಕಾಗದಪತ್ರ.

ಕಾನೂನು ಮೊದಲು. ಮೋಟಾರು ವಾಹನ ಕಾಯ್ದೆ, 1988ರ ಸೆಕ್ಷನ್ 127ರ ಪ್ರಕಾರ ಸಾರ್ವಜನಿಕ ಸ್ಥಳದಲ್ಲಿ ಗಾಡಿಯನ್ನು 10 ಗಂಟೆ ಅಥವಾ ಅದಕ್ಕಿಂತ ಹೆಚ್ಚು ಹೊತ್ತು ಬಿಟ್ಟುಹೋದರೆ, ಆ ವ್ಯಾಪ್ತಿಯ ಸಮವಸ್ತ್ರದಲ್ಲಿರುವ ಪೊಲೀಸ್ ಅಧಿಕಾರಿ ಅದನ್ನು ಎತ್ತಿಸಬಹುದು, ಚಕ್ರಕ್ಕೆ ಬೀಗ ಹಾಕಿಸಬಹುದು. ಸುಟ್ಟ, ಜಜ್ಜಿಹೋದ, ಅರ್ಧ ಬಿಚ್ಚಿದ ಗಾಡಿ ಸಂಚಾರಕ್ಕೆ ಅಪಾಯವಾಗಿದ್ದರೆ ಕಾಯಬೇಕಾಗಿಯೂ ಇಲ್ಲ. ಎತ್ತಿದ ಖರ್ಚು ಮಾಲೀಕರದ್ದು, ದಂಡ ಬೇರೆ. ವರ್ಷಗಟ್ಟಲೆ ನಿಂತ ಗಾಡಿಗೆ ಹತ್ತು ಗಂಟೆಯ ನಿಯಮ ಎಂದರೆ ಯಾರಿಗಾದರೂ ನಗು ಬರುತ್ತದೆ. ಆದರೆ ದೂರಿನಲ್ಲಿ ಈ ಸೆಕ್ಷನ್ ಸಂಖ್ಯೆ ಬರೆದರೆ ಠಾಣೆಯಲ್ಲಿ ಮಾತಿನ ಧಾಟಿಯೇ ಬದಲಾಗುತ್ತದೆ, ಇದು ನಾನು ಕಂಡದ್ದು.

ನಾನು ಸಂಚಾರ ಠಾಣೆಗೆ ಕೊಡುವ ಅರ್ಜಿ ಒಂದೇ ಪುಟ. ನಂಬರ್ ಪ್ಲೇಟ್ ಕಾಣುವ ಫೋಟೊ, ಮರುದಿನ ಅದೇ ಜಾಗದ ಇನ್ನೊಂದು ಫೋಟೊ, ಹತ್ತಿರದ ಮನೆಯ ನಂಬರು, ವಾಹನದ ನೋಂದಣಿ ವಿವರ ತೋರಿಸುವ ಸರ್ಕಾರಿ ಎಂಪರಿವಾಹನ್ ಆ್ಯಪ್‌ನಲ್ಲಿ ಕಂಡ ವಿವರ. ಆ್ಯಪ್‌ನಲ್ಲಿ ಮಾಲೀಕರ ಹೆಸರು ಪೂರ್ತಿ ಕಾಣುವುದಿಲ್ಲ, ನಡುನಡುವೆ ನಕ್ಷತ್ರ ಚಿಹ್ನೆ ಇರುತ್ತದೆ. ನಮಗೆ ಅದು ಬೇಕಾಗಿಯೂ ಇಲ್ಲ, ಪೊಲೀಸರಿಗೆ ಪೂರ್ತಿ ಸಿಗುತ್ತದೆ. ಒಂದು ಪ್ರತಿ ಪಾಲಿಕೆಯ ವಾರ್ಡ್ ಕಚೇರಿಗೆ. ಎರಡೂ ಕಡೆ ಸ್ವೀಕೃತಿ ಮೊಹರು ಹಾಕಿಸಿಕೊಳ್ಳಿ. ಗಾಡಿಯನ್ನು ಮಾತ್ರ ಮುಟ್ಟಬೇಡಿ. ಕದ್ದ ಮಾಲೋ, ಅಪಘಾತದ ಕೇಸಿನದೋ ಯಾರಿಗೆ ಗೊತ್ತು? ನಮ್ಮ ಹುಡುಗರು ಹುರುಪಿನಲ್ಲಿ ಒಂದು ಆಟೊ ತಳ್ಳಿ ಮೈದಾನಕ್ಕೆ ಹಾಕಲು ಹೊರಟಿದ್ದರು, ನಾನೇ ತಡೆದೆ.

ಅರ್ಜಿ ಕೊಟ್ಟೊಡನೆ ಗಾಡಿ ಹೋಗುತ್ತದೆ ಎಂದುಕೊಳ್ಳಬೇಡಿ. ಠಾಣೆಯವರ ಮೊದಲ ಪ್ರಶ್ನೆ, ‘ಎತ್ತಿ ಎಲ್ಲಿಡೋಣ ಸಾರ್?’ ಅದು ನ್ಯಾಯವಾದದ್ದೇ. ಜಪ್ತಿ ವಾಹನಗಳನ್ನು ಠಾಣೆ ಮುಂದೆ ವರ್ಷಗಟ್ಟಲೆ ಕೊಳೆಯಲು ಬಿಡಬಾರದೆಂದು ಸುಪ್ರೀಂ ಕೋರ್ಟ್ 2002ರಲ್ಲೇ ಹೇಳಿದೆ, ಆದರೂ ಅವು ಕೊಳೆಯುತ್ತಲೇ ಇರುವುದು ಯಾವ ಠಾಣೆಯ ಕಾಂಪೌಂಡ್ ನೋಡಿದರೂ ಗೊತ್ತಾಗುತ್ತದೆ. ಹಾಗಾಗಿ ಮೊದಲು ಗಾಜಿಗೆ ನೋಟಿಸ್ ಅಂಟಿಸುತ್ತಾರೆ. ಅಸಲಿ ಕೆಲಸ ಮಾಡುವುದು ಆ ಹಾಳೆಯೇ. ಅಂಟಿಸಿದ ಮೇಲೆ ಮಾಲೀಕರು ತಾವಾಗಿಯೇ ಬಾಗಿಲು ತಟ್ಟುತ್ತಾರೆ.

ಮೂರನೇ ಕ್ರಾಸ್‌ನ ಮಾರುತಿ 800 ಹಾಗೆ ಹೊರಬಂತು. ಎದುರು ಮನೆಯ ಅಮ್ಮನವರದ್ದು. ‘ನಮ್ಮೆಜಮಾನ್ರು ಇದ್ದಾಗ ತಗೊಂಡಿದ್ದು ಕಣಪ್ಪ, ಯಾರಿಗೆ ಕೊಡೋದು, ಹೇಗೆ ಕೊಡೋದು ಅಂತ ಗೊತ್ತಾಗ್ಲಿಲ್ಲ’ ಎಂದರು. ಆರ್‌ಸಿ (ನೋಂದಣಿ ಪತ್ರ) ಇನ್ನೂ ತೀರಿಕೊಂಡವರ ಹೆಸರಿನಲ್ಲಿ. 15 ವರ್ಷದ ನೋಂದಣಿ ಅವಧಿ ಮುಗಿದು ಬಹಳ ಕಾಲವಾಗಿದೆ. ಸಾಲ ಎಂದೋ ತೀರಿದ್ದರೂ ಆರ್‌ಸಿಯಲ್ಲಿ ಬ್ಯಾಂಕಿನ ಹೆಸರು ಉಳಿದಿದೆ. ಅದು ಹೋಗದೆ ಬೇರೇನೂ ಆಗುವುದಿಲ್ಲ. ಬ್ಯಾಂಕಿನಿಂದ ಎನ್‌ಒಸಿ (ತಕರಾರಿಲ್ಲವೆಂಬ ಪತ್ರ), ಸಾಲದ ಕರಾರು ಮುಗಿಯಿತೆಂದು ಆರ್‌ಟಿಒಗೆ ತಿಳಿಸುವ, ಸಹಿ ಮಾಡಿದ ಫಾರಂ 35, ಇವೆರಡನ್ನು ತರಿಸುವುದಕ್ಕೇ ಅತಿ ಹೆಚ್ಚು ಓಡಾಟವಾಯಿತು. ಹಳೆಯ ಸಾಲದ ಕಡತ ಹುಡುಕಲು ಯಾರಿಗೂ ಆಸಕ್ತಿ ಇರಲಿಲ್ಲ. ಆಮೇಲಿನದು ಸಲೀಸು: ಮರಣ ಪ್ರಮಾಣಪತ್ರ, ನಾಡಕಚೇರಿಯ ವಂಶವೃಕ್ಷ, ಇಬ್ಬರು ಮಕ್ಕಳ ಒಪ್ಪಿಗೆ ಪತ್ರ.

ಗಾಡಿ ಹೋದದ್ದು ನೋಂದಾಯಿತ ಸ್ಕ್ರ್ಯಾಪ್ ಕೇಂದ್ರಕ್ಕೆ. 2021ರ ಕೇಂದ್ರ ನಿಯಮಗಳ ಪ್ರಕಾರ ನಡೆಯುವ ಇಂಥ ಕೇಂದ್ರಗಳು ಕದ್ದ ವಾಹನಗಳ ಪಟ್ಟಿಯೊಂದಿಗೆ ತಾಳೆ ನೋಡಿದ ಮೇಲೇ ಒಡೆಯಬೇಕು. ಕೇಂದ್ರದಿಂದ ಬಂದ ಹುಡುಗ ಬಾನೆಟ್ ಎತ್ತಿ, ಎಂಜಿನ್ ಹಿಂದಿನ ತಗಡಿನ ಧೂಳನ್ನು ಬಟ್ಟೆಯಲ್ಲಿ ಒರೆಸಿದ. ಚಾಸಿಸ್ ನಂಬರಿನ ಮೇಲೆ ಬಿಳಿ ಕಾಗದ ಒತ್ತಿ ಪೆನ್ಸಿಲ್ ಉಜ್ಜಿದ. ಅಂಕಿ ಒಂದೊಂದಾಗಿ ಮೂಡಿದವು, ಆರ್‌ಸಿಯೊಂದಿಗೆ ಹೊಂದಿದವು. ನಂತರ ಅಮ್ಮನವರ ಕೈಗೆ, ಗಾಡಿಯನ್ನು ಕೇಂದ್ರಕ್ಕೆ ಒಪ್ಪಿಸಿದ್ದಕ್ಕೆ ಕೊಡುವ ಠೇವಣಿ ಪ್ರಮಾಣಪತ್ರ ಬಂತು. ಹೊಸ ಖಾಸಗಿ ವಾಹನ ಕೊಳ್ಳುವಾಗ ಇದನ್ನು ತೋರಿಸಿದರೆ ತೆರಿಗೆಯಲ್ಲಿ ಶೇ 25ರವರೆಗೆ ರಿಯಾಯಿತಿ ಕೊಡಲು ಕೇಂದ್ರದ ನಿಯಮದಲ್ಲಿ ಅವಕಾಶವಿದೆ. ‘ಹೊಸ ಕಾರು ಯಾರಿಗಪ್ಪಾ ಬೇಕು’ ಎಂದು ಅದನ್ನು ಮಗನಿಗೆ ಕೊಟ್ಟರು.

ಗುಜರಿಯವರು ಸ್ಕ್ರ್ಯಾಪ್ ಕೇಂದ್ರಕ್ಕಿಂತ ಹೆಚ್ಚು ಹಣ ಕೊಡುತ್ತೇವೆ ಎಂದಿದ್ದರು, ನಿಜ. ಆದರೆ ಆರ್‌ಸಿ ರದ್ದಾಗದೆ ಶಿವಾಜಿನಗರದ ಗುಜರಿಗೆ ಹೋದ ಗಾಡಿ ದಾಖಲೆಯಲ್ಲಿ ನಿಮ್ಮದಾಗಿಯೇ ಉಳಿಯುತ್ತದೆ. ಆ ನಂಬರ್ ಪ್ಲೇಟ್ ಇನ್ಯಾವುದೋ ಗಾಡಿ ಏರಿದರೆ ಚಲನ್ ಬರುವುದು ನಿಮ್ಮ ಮನೆಗೆ. ಬಳಕೆಗೆ ಬಾರದಂತಾದ ವಾಹನದ ಬಗ್ಗೆ ಮಾಲೀಕರು 14 ದಿನದೊಳಗೆ ಆರ್‌ಟಿಒಗೆ ತಿಳಿಸಿ ಆರ್‌ಸಿ ಒಪ್ಪಿಸಬೇಕೆಂದು ಅದೇ ಕಾಯ್ದೆಯ ಸೆಕ್ಷನ್ 55 ಹೇಳುತ್ತದೆ. ಪಾಲಿಸುವವರನ್ನು ನಾನಂತೂ ಕಂಡಿಲ್ಲ.

ಮಾಲೀಕರು ಪತ್ತೆಯಾಗದ ಗಾಡಿಗಳ ದಾರಿ ಬೇರೆ. ಪೊಲೀಸರು ವಶಕ್ಕೆ ಪಡೆದು ನ್ಯಾಯಾಲಯಕ್ಕೆ ವರದಿ ಮಾಡಿದರೆ, ವಾರಸುದಾರರಿಗೆ ಆರು ತಿಂಗಳ ಗಡುವಿನ ಪ್ರಕಟಣೆ, ಆಮೇಲೆ ವಿಲೇವಾರಿ. ಅಲ್ಲಿ ನಮ್ಮ ಕೆಲಸ ಆಗಾಗ ನೆನಪಿಸುವುದಷ್ಟೇ.

ಅಪಾರ್ಟ್‌ಮೆಂಟಿನವರು ಕೇಳುತ್ತಿರುತ್ತಾರೆ, ನಮ್ಮ ಬೇಸ್‌ಮೆಂಟಿನ ಗಾಡಿಗೂ 127 ನಡೆಯುತ್ತದಾ ಎಂದು. ಸಾರ್ವಜನಿಕರಿಗೆ ಪ್ರವೇಶದ ಹಕ್ಕಿಲ್ಲದ ಜಾಗಕ್ಕೆ ಅದು ಅನ್ವಯಿಸುವುದಿಲ್ಲ. ಅಲ್ಲಿ ಸಂಘದ ಸಭೆಯಲ್ಲಿ ನಿರ್ಣಯ ಮಾಡಿ, ಮಾಲೀಕರಿಗೆ ಸ್ಪೀಡ್ ಪೋಸ್ಟ್‌ನಲ್ಲಿ ನೋಟಿಸ್ ಕಳಿಸಿ. ಬಾಡಿಗೆದಾರ ಬಿಟ್ಟುಹೋದ ಬೈಕಾದರೆ ಫ್ಲ್ಯಾಟಿನ ಮಾಲೀಕರಿಗೂ ಒಂದು ಪ್ರತಿ ಇರಲಿ. ಅವರ ಬಳಿ ಬಾಡಿಗೆ ಕರಾರು ಇರುತ್ತದೆ, ಅದರಲ್ಲಿ ಊರಿನ ವಿಳಾಸ ಇರುತ್ತದೆ.