ಕ್ರೀಟ್‌ನಲ್ಲಿ ನಾನು ಕಫ್ಕಲೀಥ್ರ ಸೊಪ್ಪು ಕೀಳೋದು ಹೀಗೆ

ಊರು ಬಿಟ್ಟು ಗ್ರೀಸ್‌ನ ಕ್ರೀಟ್‌ಗೆ ಬಂದಾಗ ಬೆರಕೆ ಸೊಪ್ಪಿನ ಆಸೆ ಬಿಟ್ಟುಬಿಟ್ಟಿದ್ದೆ. ನೋಡಿದರೆ ಇಲ್ಲಿಯವರಿಗೆ ನಮಗಿಂತ ಜಾಸ್ತಿ ಹುಚ್ಚು. ಮಳೆ ಬಿದ್ದು ಸ್ವಲ್ಪ ದಿನಕ್ಕೆ ಆಲಿವ್ ತೋಟಗಳಲ್ಲಿ ಚಾಕು, ಚೀಲ ಹಿಡಿದುಕೊಂಡು ಜನ ಬಗ್ಗಿ ಸೊಪ್ಪು ಆಯ್ತಾ ಇರ್ತಾರೆ. ಅದರಲ್ಲಿ ನನಗೆ ಹಿಡಿಸಿದ್ದು ಕಫ್ಕಲೀಥ್ರ. ಸಸ್ಯಶಾಸ್ತ್ರದ ಹೆಸರು ಟೋರ್ಡೀಲಿಯಂ ಆಪುಲಂ. ಕ್ಯಾರೆಟ್, ಕೊತ್ತಂಬರಿ, ಸಬ್ಬಸಿಗೆಯ ಕುಟುಂಬದ್ದು, ಒಂದೇ ವರ್ಷ ಬದುಕುವ ಕಾಡುಗಿಡ.

ಆದರೆ ಹೆಮ್ಲಾಕ್ ಕೂಡ ಇದೇ ಕುಟುಂಬದ್ದು. ಅಥೆನ್ಸ್‌ನಲ್ಲಿ ಸಾಕ್ರೆಟಿಸ್‌ಗೆ ಕುಡಿಸಿದ್ದು ಅದನ್ನೇ ಅಂತಾರಲ್ಲ, ಆ ವಿಷ. ಸೊಪ್ಪು ಎಳೆಯದಾಗಿರುವ ಚಳಿಗಾಲದಲ್ಲಿ ನೆಲಕ್ಕೆ ಅಂಟಿದ ಎಲೆ ಬಿಟ್ಟರೆ ಗುರುತಿಗೆ ಬೇರೇನೂ ಸಿಗಲ್ಲ. ಹಾಗಾಗಿ ಮೊದಲ ವರ್ಷ ನಾನು ಕೀಳಲೇ ಇಲ್ಲ, ಸುಮ್ನೆ ಏಪ್ರಿಲ್‌ನಲ್ಲಿ ಹೋಗಿ ಹೂ ನೋಡಿಕೊಂಡು ಬಂದೆ. ಗೊಂಚಲಿನ ಅಂಚಿನ ಹೂಗಳಲ್ಲಿ ಒಂದೊಂದು ಬಿಳಿ ಎಸಳು ಮಾತ್ರ ದೊಡ್ಡದು, ಅದೂ ನಡುವೆ ಸೀಳಿಕೊಂಡಿರುತ್ತೆ. ಆಮೇಲೆ ಬರುವ ಕಾಯಿ ದುಂಡಗೆ, ಚಪ್ಪಟೆಯಾಗಿ, ಸುತ್ತಲೂ ಮಣಿ ಪೋಣಿಸಿದ ಹಾಗೆ ದಪ್ಪ ಅಂಚು. ಇದನ್ನು ನೋಡಿದ ಮೇಲೆ ಅನುಮಾನವೇ ಉಳಿಯಲ್ಲ. ಗಿಡ ಒಣಗಿ ಸತ್ತರೂ ಬೀಜ ಅಲ್ಲೇ ಉದುರುತ್ತೆ ಅಲ್ವಾ, ಮುಂದಿನ ಚಳಿಗಾಲಕ್ಕೆ ನೇರ ಅದೇ ಜಾಗಕ್ಕೆ ಹೋದರಾಯಿತು.

ಆಗಲೂ ಒಂದೊಂದು ಗಿಡವನ್ನೂ ಮುಟ್ಟಿ ನೋಡುತ್ತೇನೆ. ಕಫ್ಕಲೀಥ್ರದ ಎಲೆಯ ಮೇಲೆ ಮೃದುವಾದ ರೋಮ, ಎಲೆಯ ಸೀಳುಗಳು ಅಗಲ, ಅಂಚು ಹಲ್ಲುಹಲ್ಲು, ಉಜ್ಜಿದರೆ ಒಳ್ಳೇ ಘಮ. ಹೆಮ್ಲಾಕ್‌ನ ಎಲೆ ಸಣ್ಣಗೆ ಹರಿದಿರುತ್ತೆ, ರೋಮವಿಲ್ಲದೆ ನುಣುಪು, ಉಜ್ಜಿದರೆ ಇಲಿ ವಾಸನೆ. ದೊಡ್ಡದಾದರೆ ದಂಟಿನ ಮೇಲೆ ನೇರಳೆ ಮಚ್ಚೆ. ವಾಸನೆ ಒಂದನ್ನೇ ನಂಬಬೇಡಿ, ಒಂದು ಗುರುತು ತಪ್ಪಿದರೂ ಬಿಟ್ಟುಬಿಡಿ.

ಹೂದಂಟು ಏಳುವ ಮೊದಲೇ ಕೀಳಬೇಕು, ಆಮೇಲೆ ನಾರು. ಬೇರು ಬಿಟ್ಟು ಎಲೆ ಮಾತ್ರ ಕೊಯ್ದು, ಮಣ್ಣು ಹೋಗುವವರೆಗೂ ನೀರು ಬದಲಿಸಿ ತೊಳೆಯಿರಿ. ಇಲ್ಲಿಯವರು ಬೇರೆ ಸೊಪ್ಪುಗಳ ಜೊತೆ ಆಲಿವ್ ಎಣ್ಣೆಯಲ್ಲಿ ಈರುಳ್ಳಿ ಹಾಕಿ ಬಾಡಿಸುತ್ತಾರೆ, ಇಲ್ಲವೇ ಹಿಟ್ಟಿನ ಹಾಳೆಯೊಳಗೆ ತುಂಬಿ ಬೇಯಿಸುತ್ತಾರೆ. ನಾನು ಸಬ್ಬಸಿಗೆ ಹಾಕುವ ಹಾಗೆ ಅಕ್ಕಿ ರೊಟ್ಟಿಗೆ ಹಾಕುತ್ತೇನೆ. ಘಮ ಜೋರು, ಅದಕ್ಕೆ ಸಬ್ಬಸಿಗೆಯ ಅರ್ಧದಷ್ಟು ಸಾಕು. ಹಸಿಮೆಣಸು, ತೆಂಗಿನಕಾಯಿ ಮಾಮೂಲಿನಂತೆ.