ಆಪೂಸಿನ ನೆಪದಲ್ಲಿ ಸಂಶೋಧನಾ ಲೇಖನ ಓದುವ ಬಗೆ

ಮಾವಿನ ಹಂಗಾಮು ಶುರುವಾದೊಡನೆ ಮುಂಬಯಿಯ ಕನ್ನಡಿಗರ ಮನೆಗಳಲ್ಲಿ ಮೂರು ಪ್ರಶ್ನೆಗಳು ಏಳುತ್ತವೆ. ಸಕ್ಕರೆ ಕಾಯಿಲೆ ಇರುವ ಮಾವನವರು ಆಪೂಸು, ಅಂದರೆ ಅಲ್ಫೋನ್ಸೊ ಮಾವು, ತಿನ್ನಬಹುದೇ? ಹೊರಗೆ ಅಷ್ಟು ಚೆಂದ ಕಾಣುವ ಹಣ್ಣನ್ನು ಕೊಯ್ದಾಗ ಒಳಗಿನ ತಿರುಳು ಬೆಂಡಿನಂತೆ ಬಿಳುಚಿಕೊಂಡಿರುವುದೇಕೆ? ಕೊಂಕಣದ ದೇವಗಡದ ಹೆಸರಿರುವ ಪೆಟ್ಟಿಗೆಗೆ ಕೊಡುವ ಬೆಲೆಯನ್ನು ಧಾರವಾಡದ ಆಪೂಸಿಗೆ ಕೊಡಲು ಗಿರಾಕಿ ಹಿಂದೆ ಮುಂದೆ ನೋಡುವುದೇಕೆ? ಮೊದಲನೆಯದು ವೈದ್ಯಕೀಯದ ಪ್ರಶ್ನೆ, ಎರಡನೆಯದು ಕೃಷಿವಿಜ್ಞಾನದ್ದು, ಮೂರನೆಯದು ಬ್ರ್ಯಾಂಡ್ ನಿರ್ವಹಣೆಯದು. ಮೂರಕ್ಕೂ ಸಿದ್ಧ ಉತ್ತರಗಳು ವಾಟ್ಸ್ಯಾಪಿನಲ್ಲಿ ಓಡಾಡುತ್ತವೆ ಮತ್ತು ಹೆಚ್ಚಿನವುಗಳ ತುದಿಗೆ ‘ಸಂಶೋಧನೆಯಿಂದ ಸಾಬೀತಾಗಿದೆ’ ಎಂಬ ಸಾಲು ಅಂಟಿಕೊಂಡಿರುತ್ತದೆ. ಆ ಸಂಶೋಧನೆಯನ್ನು ಹುಡುಕಿ ತೆಗೆದು, ತಾವೇ ಓದಿ, ಅದರ ತೂಕವನ್ನು ಅಳೆಯಬಯಸುವವರಿಗಾಗಿ ಈ ಲೇಖನ. ಮುಂಬಯಿ ವಿಶ್ವವಿದ್ಯಾಲಯದ ಕಲೀನಾ ಆವರಣದ ಸ್ನಾತಕೋತ್ತರ ವಿದ್ಯಾರ್ಥಿಗೂ ಪುಣೆಯ ಎಂಬಿಎ ವಿದ್ಯಾರ್ಥಿಗೂ ವಾಶಿಯ ಹಣ್ಣಿನ ವ್ಯಾಪಾರಿಗೂ ಕ್ರಮ ಒಂದೇ.

ಮೊದಲು ಪ್ರಶ್ನೆಯನ್ನು ಕಿರಿದಾಗಿಸಿ

‘ಮಾವು ಮತ್ತು ಮಧುಮೇಹ’ ಎಂಬುದು ಪ್ರಶ್ನೆಯಲ್ಲ, ವಿಷಯದ ಹೆಸರು ಮಾತ್ರ. ಯಾರಲ್ಲಿ, ಏನನ್ನು ಮಾಡಿದಾಗ, ಯಾವುದಕ್ಕೆ ಹೋಲಿಸಿ, ಏನನ್ನು ಅಳೆಯಬೇಕು ಎಂಬ ನಾಲ್ಕು ಅಂಶಗಳನ್ನು ಒಂದು ಹಾಳೆಯ ಮೇಲೆ ಬರೆದುಕೊಳ್ಳಿ. ಮಾತ್ರೆಯ ಮೇಲಿರುವ ಮಧುಮೇಹಿಗಳಲ್ಲಿ, ದಿನಕ್ಕೆ ಒಂದು ಹೋಳು ಮಾವು ತಿಂದಾಗ, ಅಷ್ಟೇ ಶಕ್ತಿ ಕೊಡುವ ಬೇರೆ ಆಹಾರಕ್ಕೆ ಹೋಲಿಸಿದರೆ, ಮೂರು ತಿಂಗಳ ಸರಾಸರಿ ಸಕ್ಕರೆಯನ್ನು ತೋರಿಸುವ ಎಚ್‌ಬಿಎ1ಸಿ ಎಷ್ಟು ಬದಲಾಗುತ್ತದೆ ಎಂದು ಬರೆದಾಗ ಅದು ಉತ್ತರ ಹುಡುಕಬಹುದಾದ ಪ್ರಶ್ನೆಯಾಗುತ್ತದೆ. ವೈದ್ಯರು ರೂಢಿಸಿಕೊಂಡಿರುವ ಈ ಚೌಕಟ್ಟು ಹೊಲಕ್ಕೂ ಮಾರುಕಟ್ಟೆಗೂ ಅಷ್ಟೇ ಚೆನ್ನಾಗಿ ಒಪ್ಪುತ್ತದೆ.

ಎಲ್ಲಿ ಹುಡುಕಬೇಕು

ವೈದ್ಯಕೀಯಕ್ಕೆ ಪಬ್‌ಮೆಡ್ ಇದೆ. ಅಮೆರಿಕದ ರಾಷ್ಟ್ರೀಯ ವೈದ್ಯಕೀಯ ಗ್ರಂಥಾಲಯ ನಡೆಸುವ ಈ ಸೂಚಿ ಎಲ್ಲರಿಗೂ ಉಚಿತ. ಕೃಷಿಗೆ ಕೃಷಿಕೋಶವನ್ನು ನೋಡಬೇಕು, ನಮ್ಮ ಕೃಷಿ ವಿಶ್ವವಿದ್ಯಾಲಯಗಳ ಮಹಾಪ್ರಬಂಧಗಳು ಅಲ್ಲಿ ಸಿಗುತ್ತವೆ. ಮಿಕ್ಕ ವಿಶ್ವವಿದ್ಯಾಲಯಗಳ ಪಿಎಚ್.ಡಿ. ಪ್ರಬಂಧಗಳು, ಮ್ಯಾನೇಜ್‌ಮೆಂಟ್ ವಿಷಯದವೂ ಸೇರಿದಂತೆ, ಗಾಂಧಿನಗರದ ಇನ್‌ಫ್ಲಿಬ್‌ನೆಟ್ ನಡೆಸುವ ಶೋಧಗಂಗಾದಲ್ಲಿವೆ. ಮೂರನ್ನೂ ಒಟ್ಟಿಗೆ ತಡಕಲು ಗೂಗಲ್ ಸ್ಕಾಲರ್ ಅನುಕೂಲ. ಹುಡುಕುವಾಗ ಇಂಗ್ಲಿಷ್ ಹೆಸರಿನ ಜೊತೆಗೆ ಮ್ಯಾಂಜಿಫೆರಾ ಇಂಡಿಕಾ ಎಂಬ ಶಾಸ್ತ್ರೀಯ ಹೆಸರನ್ನೂ, ಅಲ್ಫೋನ್ಸೊ, ಹಾಪೂಸ್ ಎಂಬ ಎರಡೂ ರೂಪಗಳನ್ನೂ ಹಾಕಿ ನೋಡಬೇಕು, ಏಕೆಂದರೆ ಒಬ್ಬ ಲೇಖಕರು ಬಳಸಿದ ಹೆಸರನ್ನು ಇನ್ನೊಬ್ಬರು ಬಳಸಿರುವುದಿಲ್ಲ.

ಪೂರ್ಣ ಲೇಖನ ಹಣ ಕೇಳಿದರೆ ಧೈರ್ಯಗೆಡಬೇಕಾಗಿಲ್ಲ. 2025ರ ಜನವರಿಯಿಂದ ‘ಒಂದು ರಾಷ್ಟ್ರ, ಒಂದು ಚಂದಾ’ ಯೋಜನೆಯಡಿ ಸರ್ಕಾರಿ ಉನ್ನತ ಶಿಕ್ಷಣ ಸಂಸ್ಥೆಗಳ ವಿದ್ಯಾರ್ಥಿಗಳಿಗೂ ಅಧ್ಯಾಪಕರಿಗೂ ಸುಮಾರು 13,000 ಜರ್ನಲ್‌ಗಳು ತೆರೆದಿವೆ. ಆ ಅವಕಾಶವಿಲ್ಲದವರು ಲೇಖನದ ಮೊದಲ ಪುಟದಲ್ಲಿ ಅಚ್ಚಾಗಿರುವ ಲೇಖಕರ ಇಮೇಲಿಗೆ ಎರಡು ಸಾಲು ಬರೆದು ಪ್ರತಿ ಕೇಳಬಹುದು. ಇದು ಸಂಶೋಧಕರ ನಡುವೆ ಎಂದಿನಿಂದಲೂ ಇರುವ ರೂಢಿ, ಸಂಕೋಚಪಡುವ ಅಗತ್ಯವಿಲ್ಲ.

ಓದುವ ಮೊದಲೇ ಜರ್ನಲ್ ನೋಡಿ

ಹಣ ಕೊಟ್ಟರೆ ಏನನ್ನಾದರೂ ಅಚ್ಚುಹಾಕುವ ಜರ್ನಲ್‌ಗಳು ನಮ್ಮ ದೇಶದಲ್ಲಿ ಕಡಿಮೆಯಿಲ್ಲ. ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) ಒಪ್ಪಿದ್ದ ಪಟ್ಟಿಯಲ್ಲಿಯೇ ಕಳಪೆ ಜರ್ನಲ್‌ಗಳು ಹೇಗೆ ತುಂಬಿಕೊಂಡಿದ್ದವು ಎಂಬುದನ್ನು 2018ರಲ್ಲಿ ಕರೆಂಟ್ ಸೈನ್ಸ್ ಜರ್ನಲ್ ಪ್ರಕಟಿಸಿದ ಪುಣೆಯ ವಿದ್ವಾಂಸರ ಅಧ್ಯಯನವೊಂದು ತೆರೆದಿಟ್ಟಿತು. ಅನಂತರ ಬಂದ ಯುಜಿಸಿ-ಕೇರ್ ಪಟ್ಟಿಯೂ 2025ರಲ್ಲಿ ನಿಂತುಹೋಯಿತು. ಹಾಗಾಗಿ ಪಟ್ಟಿಯೊಂದನ್ನು ನಂಬಿ ಕೂರುವ ಕಾಲ ಇದಲ್ಲ. ಸಂಪಾದಕ ಮಂಡಳಿಯವರ ಹೆಸರು ಮತ್ತು ಅವರು ಕೆಲಸ ಮಾಡುವ ಸಂಸ್ಥೆ ನಿಜವೇ, ಪ್ರಕಟಿಸುವ ಮೊದಲು ತಜ್ಞರಿಂದ ಪರಾಮರ್ಶೆ ಹೇಗೆ ನಡೆಯುತ್ತದೆಂದು ತಿಳಿಸಿದ್ದಾರೆಯೇ, ‘ಮೂರೇ ದಿನದಲ್ಲಿ ಪ್ರಕಟಣೆ’ ಎಂಬಂಥ ಆಮಿಷವಿದೆಯೇ ಎಂದು ನೋಡಿಕೊಳ್ಳಿ.

ಒಳ್ಳೆಯ ಜರ್ನಲ್ ಎಂದ ಮಾತ್ರಕ್ಕೆ ಕಣ್ಣು ಮುಚ್ಚಿ ನಂಬಲಾಗದು ಎಂಬುದನ್ನೂ ಇಲ್ಲೇ ಹೇಳಬೇಕು. ದಡಾರ, ಮಂಪ್ಸ್, ರುಬೆಲ್ಲಾಗಳನ್ನು ತಡೆಯುವ ಎಂಎಂಆರ್ ಲಸಿಕೆಗೂ ಆಟಿಸಂಗೂ ನಂಟು ಕಟ್ಟಿದ 1998ರ ಲೇಖನ ಲ್ಯಾನ್ಸೆಟ್‌ನಂಥ ಜರ್ನಲ್‌ನಲ್ಲಿಯೇ ಬಂದಿತ್ತು. ಅದಕ್ಕೆ ಆಧಾರವಾಗಿದ್ದದ್ದು ಕೇವಲ 12 ಮಕ್ಕಳು. ಅದನ್ನು ಹಿಂತೆಗೆದುಕೊಂಡದ್ದು 2010ರಲ್ಲಿ. ಆದುದರಿಂದ ಲೇಖನದ ಜಾಲಪುಟದಲ್ಲಿ ‘ಹಿಂತೆಗೆಯಲಾಗಿದೆ’ ಎಂಬ ಮುದ್ರೆ ಇದೆಯೇ ಎಂದು ಪ್ರತಿ ಸಲವೂ ನೋಡುವುದು ಒಳ್ಳೆಯದು.

ತೀರ್ಮಾನ ಕೊನೆಗೆ, ವಿಧಾನ ಮೊದಲು

ನಮ್ಮಲ್ಲಿ ಬಹುತೇಕರು ಸಾರಾಂಶ ಓದಿ, ನೇರವಾಗಿ ತೀರ್ಮಾನಕ್ಕೆ ಹಾರುತ್ತಾರೆ. ಇದನ್ನು ಬಿಡಬೇಕು. ಸಾರಾಂಶದಿಂದ ಪ್ರಶ್ನೆಯನ್ನಷ್ಟೇ ತಿಳಿದುಕೊಂಡು ವಿಧಾನದ ಭಾಗಕ್ಕೆ ಹೋಗಬೇಕು, ಏಕೆಂದರೆ ತೀರ್ಮಾನದಲ್ಲಿ ಲೇಖಕರ ಆಸೆ ಬೆರೆಯುವುದುಂಟು, ವಿಧಾನದಲ್ಲಿ ಮಾತ್ರ ಅವರು ನಿಜವಾಗಿ ಏನು ಮಾಡಿದರೆಂಬುದು ಇರುತ್ತದೆ.

ವೈದ್ಯಕೀಯ ಲೇಖನದಲ್ಲಿ ಮೊದಲು ಕೇಳಬೇಕಾದದ್ದು, ಹೋಲಿಕೆಯ ಗುಂಪು ಇತ್ತೇ ಮತ್ತು ಯಾರು ಯಾವ ಗುಂಪಿಗೆ ಎಂಬುದನ್ನು ಚೀಟಿ ಎತ್ತಿದ ಹಾಗೆ ಯಾದೃಚ್ಛಿಕವಾಗಿ ನಿರ್ಧರಿಸಿದರೇ ಎಂಬುದು. ಮುಂಬಯಿಯ ಇತಿಹಾಸದಲ್ಲೇ ಇದಕ್ಕೊಂದು ದೊಡ್ಡ ಪಾಠವಿದೆ. 1897ರ ಪ್ಲೇಗಿನ ವೇಳೆ ಬ್ಯಾಕ್ಟೀರಿಯಾ ತಜ್ಞ ವಾಲ್ಡೆಮಾರ್ ಹಾಫ್‌ಕಿನ್ ತಮ್ಮ ಲಸಿಕೆಯನ್ನು ಮೊದಲು ತಮಗೇ ಚುಚ್ಚಿಕೊಂಡು, ಆಮೇಲೆ ಬೈಕಲಾ ಜೈಲಿನಲ್ಲಿ ಮುಂದೆ ಬಂದ ಕೈದಿಗಳಿಗೆ ಕೊಟ್ಟು, ಲಸಿಕೆ ಪಡೆಯದವರೊಡನೆ ಹೋಲಿಸಿದರು. ಒಂದೇ ಜೈಲು, ಒಂದೇ ಊಟ, ಒಂದೇ ಸೋಂಕಿನ ಭಯ. ಆ ಕಾಲಕ್ಕೆ ಅದು ಬಹಳ ಎಚ್ಚರದ ಕೆಲಸ. ಆದರೂ ಇಂದಿನ ಓದುಗ ಒಂದು ಪ್ರಶ್ನೆ ಕೇಳಲೇಬೇಕು: ತಾವಾಗಿ ಮುಂದೆ ಬಂದವರು ಉಳಿದವರಿಗಿಂತ ಮೊದಲೇ ಹೆಚ್ಚು ಗಟ್ಟಿಮುಟ್ಟಾಗಿದ್ದಿರಬಹುದೇ? ಈ ಅನುಮಾನಕ್ಕೆ ಎಡೆಯಿಲ್ಲದಂತೆ ಮಾಡುವುದೇ ಯಾದೃಚ್ಛಿಕ ಹಂಚಿಕೆಯ ಉದ್ದೇಶ.

ಈಗ ಮಾವಿಗೆ ಬರೋಣ. ಮಾವು ತಿಂದರೆ ಸಕ್ಕರೆ ಇಳಿಯುತ್ತದೆಂದು ಹಂಚಿಕೆಯಾಗುವ ಸುದ್ದಿಗಳ ಹಿಂದೆ ಹೆಚ್ಚಾಗಿ ಇರುವುದು 2014ರಲ್ಲಿ ಅಮೆರಿಕದಿಂದ ಪ್ರಕಟವಾದ ಒಂದು ಸಣ್ಣ ಅಧ್ಯಯನ. ಅದರಲ್ಲಿ ಸ್ಥೂಲಕಾಯದ 20 ವಯಸ್ಕರು 12 ವಾರ ದಿನಕ್ಕೆ 10 ಗ್ರಾಂ ಒಣಗಿಸಿದ ಮಾವಿನ ಪುಡಿ ತೆಗೆದುಕೊಂಡರು, ಅವರ ಉಪವಾಸದ ಸಕ್ಕರೆ ಸ್ವಲ್ಪ ಇಳಿಯಿತು. ನಮ್ಮ ಹಾಳೆಯ ನಾಲ್ಕು ಅಂಶಗಳನ್ನು ಪಕ್ಕದಲ್ಲಿಟ್ಟು ನೋಡಿ. ಅವರು ಸ್ಥೂಲಕಾಯದವರೆಂದು ಆಯ್ಕೆಯಾದವರು, ಮಾತ್ರೆಯ ಮೇಲಿರುವ ಮಧುಮೇಹಿಗಳೆಂದಲ್ಲ. ತಿಂದದ್ದು ಪುಡಿ, ದಿನಕ್ಕೊಂದು ಹೋಳು ಹಣ್ಣಲ್ಲ. ಪುಡಿ ತಿನ್ನದ ಹೋಲಿಕೆಯ ಗುಂಪೇ ಇರಲಿಲ್ಲ. ಇದು ಮುಂದಿನ ಅಧ್ಯಯನಕ್ಕೆ ದಾರಿ ತೋರುವ ಆರಂಭಿಕ ಪ್ರಯತ್ನವೇ ಹೊರತು, ಮಾವನವರ ತಟ್ಟೆಗೆ ಹಣ್ಣು ಹಾಕಲು ಸಿಕ್ಕ ಪರವಾನಗಿಯಲ್ಲ. ಅಮೆರಿಕದ ನ್ಯಾಷನಲ್ ಮ್ಯಾಂಗೊ ಬೋರ್ಡ್ ಮಾವಿನ ಆರೋಗ್ಯ ಸಂಶೋಧನೆಗಳಿಗೆ ಹಣ ಒದಗಿಸುವುದುಂಟು. ಆದ್ದರಿಂದ ಲೇಖನದ ಕೊನೆಯಲ್ಲಿ ‘ಧನಸಹಾಯ’, ‘ಹಿತಾಸಕ್ತಿ’ ಎಂಬ ಸಣ್ಣ ಅಕ್ಷರದ ಸಾಲುಗಳನ್ನು ಓದದೆ ಬಿಡಬೇಡಿ. ಭಾರತದ ಪ್ರಯೋಗವಾದರೆ ಅದು ಕ್ಲಿನಿಕಲ್ ಟ್ರಯಲ್ಸ್ ರಿಜಿಸ್ಟ್ರಿಯಲ್ಲಿ ನೋಂದಣಿಯಾಗಿದೆಯೇ ಎಂದು ನೋಡಿ, ಮೊದಲು ಅಳೆಯುತ್ತೇವೆಂದು ಹೇಳಿದ್ದನ್ನೇ ಕೊನೆಗೂ ಅಳೆದಿದ್ದಾರೆಯೇ ಎಂದು ತಾಳೆ ಹಾಕಬಹುದು.

ಕೃಷಿಯ ಲೇಖನದಲ್ಲಿ ನೋಡಬೇಕಾದದ್ದು ಮರಗಳ ಲೆಕ್ಕ. ಬೆಂಡಾಗುವ ದೋಷಕ್ಕೆ ಸ್ಪಂಜಿ ಟಿಶ್ಯೂ ಎಂದು ಹೆಸರು, ಹಣ್ಣನ್ನು ಹೋಳು ಮಾಡುವವರೆಗೆ ಅದು ಹೊರಗೆ ಕಾಣುವುದಿಲ್ಲ. ದೋಷ ತಗ್ಗುವುದೇ ಎಂದು ನೋಡಲು ಸಂಶೋಧಕರು ಬುಡಕ್ಕೆ ಹೊದಿಕೆ ಹಾಕಿದ 10 ಮರಗಳಿಂದ ತಲಾ 100 ಹಣ್ಣು ಕಿತ್ತು ಪರೀಕ್ಷಿಸಿದ್ದರೆ ಅದನ್ನು 1,000 ಹಣ್ಣಿನ ಪ್ರಯೋಗವೆಂದು ಎಣಿಸುವಂತಿಲ್ಲ. ಹೊದಿಕೆ ಹಾಕಿದ್ದು ಮರಕ್ಕೆ, ಹಣ್ಣಿಗಲ್ಲ. ಹಾಗಾಗಿ ಅದು 10 ಮರಗಳ ಪ್ರಯೋಗ. ಒಂದು ಮರದ ಹಣ್ಣುಗಳು ಒಂದೇ ಬೇರು, ಒಂದೇ ಮಣ್ಣು, ಒಂದೇ ಬಿಸಿಲನ್ನು ಹಂಚಿಕೊಂಡಿರುತ್ತವೆ. ಎರಡನೆಯ ಎಚ್ಚರ ಹಂಗಾಮಿನದು. ಆಪೂಸು ಒಂದು ವರ್ಷ ತುಂಬ ಬಿಟ್ಟರೆ ಮರುವರ್ಷ ಕಡಿಮೆ ಬಿಡುವ ಜಾತಿ. ಒಂದೇ ಹಂಗಾಮಿನ ಅಂಕಿಗಳಿಂದ ಗೊಬ್ಬರದ ಫಲವನ್ನೂ ಮರದ ಸ್ವಭಾವವನ್ನೂ ಬೇರ್ಪಡಿಸಲಾಗದು.

ಹಳೆಯ ಲೇಖನದ ಜೊತೆ ಹೊಸದನ್ನೂ ಓದಬೇಕೆಂಬುದಕ್ಕೆ ಈ ದೋಷವೇ ಉದಾಹರಣೆ. ಬಹುಕಾಲ ಇದಕ್ಕೆ ನೆಲದಿಂದ ಮೇಲೇಳುವ ಕಾವು, ಕ್ಯಾಲ್ಸಿಯಂ ಕೊರತೆ ಮುಂತಾದ ಕಾರಣಗಳನ್ನು ಹೇಳುತ್ತಿದ್ದರು. 2000ದ ದಶಕದಲ್ಲಿ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು, ಹಣ್ಣು ಇನ್ನೂ ಮರದಲ್ಲಿರುವಾಗಲೇ ಅದರ ಬೀಜ ಮೊಳೆಯಲು ತೊಡಗುವುದೇ ಇದರ ಮೂಲ ಎಂದು ತೋರಿಸಿದರು. ಹಳೆಯ ಲೇಖನಗಳನ್ನಷ್ಟೇ ಓದಿದ ರೈತ ಕಾವನ್ನು ಮಾತ್ರ ದೂರುತ್ತಾನೆ, ಎರಡನ್ನೂ ಓದಿದವನಿಗೆ ಕಾವು ಬೀಜದ ಮೇಲೆ ಏನು ಮಾಡುತ್ತದೆ ಎಂಬ ಹೊಸ ಪ್ರಶ್ನೆ ಹುಟ್ಟುತ್ತದೆ.

ಬ್ರ್ಯಾಂಡ್ ಸಂಶೋಧನೆಯಲ್ಲಿ ಯಾರನ್ನು ಕೇಳಿದರು ಎಂಬುದರಲ್ಲೇ ಅರ್ಧ ಉತ್ತರವಿದೆ. ಗೂಗಲ್ ಫಾರ್ಮ್ ಒಂದನ್ನು ಸ್ನೇಹಿತರ ಗುಂಪುಗಳಿಗೆ ಕಳಿಸಿ, ಬಂದ ಉತ್ತರಗಳನ್ನು ‘ಮುಂಬಯಿ ಗ್ರಾಹಕರ ಅಭಿಪ್ರಾಯ’ ಎಂದು ಕರೆಯುವ ಪ್ರಾಜೆಕ್ಟುಗಳು ಪ್ರತಿ ವರ್ಷ ಬರುತ್ತವೆ. ಅವು ಆ ಗುಂಪುಗಳ ಅಭಿಪ್ರಾಯ ಮಾತ್ರ. ಬ್ರ್ಯಾಂಡಿನ ಮೌಲ್ಯವೆಂದರೆ ಆ ಹೆಸರಿನ ಅರಿವಿನಿಂದ ಗ್ರಾಹಕರ ಪ್ರತಿಕ್ರಿಯೆಯಲ್ಲಿ ಉಂಟಾಗುವ ವ್ಯತ್ಯಾಸ ಎಂದು ಮಾರ್ಕೆಟಿಂಗ್ ವಿದ್ವಾಂಸ ಕೆವಿನ್ ಲೇನ್ ಕೆಲ್ಲರ್ 1993ರಲ್ಲಿ ವಿವರಿಸಿದರು, ಇಂದಿಗೂ ಈ ಕ್ಷೇತ್ರ ಅದನ್ನೇ ಆಧರಿಸಿ ನಡೆಯುತ್ತದೆ. ಅದನ್ನು ಒಪ್ಪಿದರೆ ಪ್ರಯೋಗವೂ ಸ್ಪಷ್ಟ: ವಾಶಿಯಿಂದ ತಂದ ಒಂದೇ ಪೆಟ್ಟಿಗೆಯ ಹಣ್ಣನ್ನು ಹೋಳು ಮಾಡಿ, ಕೆಲವರಿಗೆ ‘ದೇವಗಡ’ ಎಂದು ಹೇಳಿ, ಕೆಲವರಿಗೆ ಏನೂ ಹೇಳದೆ ಕೊಟ್ಟು, ರುಚಿಗೆ ಅಂಕವನ್ನೂ ಕೊಡಲೊಪ್ಪುವ ಬೆಲೆಯನ್ನೂ ಬರೆಸಿಕೊಳ್ಳಬೇಕು. ಎರಡು ಗುಂಪುಗಳ ನಡುವಿನ ಅಂತರವೇ ಹೆಸರಿನ ಬೆಲೆ. ಅಷ್ಟಾದರೂ ಕೊಡುತ್ತೇನೆಂದು ಬರೆಯುವುದಕ್ಕೂ ಕಿಸೆಯಿಂದ ತೆಗೆದು ಕೊಡುವುದಕ್ಕೂ ಅಂತರವಿದೆ. ನಿಜವಾದ ಖರೀದಿಯನ್ನು ಅಳೆದ ಅಧ್ಯಯನಕ್ಕೆ ಹೆಚ್ಚು ಬೆಲೆ ಕೊಡಿ. ಕೊಂಕಣದ ಅಲ್ಫೋನ್ಸೊಗೆ 2018ರಲ್ಲಿ ಜಿ.ಐ. ಟ್ಯಾಗ್, ಅಂದರೆ ಬೆಳೆದ ಪ್ರದೇಶವನ್ನು ಸೂಚಿಸುವ ಭೌಗೋಳಿಕ ಗುರುತು, ಸಿಕ್ಕಿತು, ಅದರಿಂದ ಬೆಲೆ ಏರಿತೆನ್ನುವ ಲೇಖನ ಕಂಡರೆ, ಆ ವರ್ಷಗಳ ಇಳುವರಿ ಮತ್ತು ಹವಾಮಾನವನ್ನು ಲೆಕ್ಕಕ್ಕೆ ತೆಗೆದುಕೊಂಡಿದ್ದಾರೆಯೇ ಎಂದು ಕೇಳಬೇಕು. ಬೆಳೆ ಕಡಿಮೆಯಾದಾಗಲೂ ಬೆಲೆ ಏರುತ್ತದೆ.

ಅಂಕಿಗಳನ್ನು ಓದುವಾಗ

‘ಶೇಕಡಾ 50 ಇಳಿಕೆ’ ಎಂದರೆ ಎಷ್ಟರಿಂದ ಎಷ್ಟಕ್ಕೆ ಎಂದು ಕೇಳಿ. 1948ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್ ಪ್ರಕಟಿಸಿದ, ಕ್ಷಯಕ್ಕೆ ಸ್ಟ್ರೆಪ್ಟೊಮೈಸಿನ್ ಕೊಟ್ಟ ಪ್ರಸಿದ್ಧ ಪ್ರಯೋಗ ಅಂಕಿಗಳನ್ನು ಹೇಗೆ ಇಡಬೇಕೆಂಬುದಕ್ಕೆ ಮಾದರಿ: ಆರು ತಿಂಗಳಲ್ಲಿ ಔಷಧ ಪಡೆದ 55 ಜನರಲ್ಲಿ 4 ಮಂದಿ, ಬರೀ ಹಾಸಿಗೆ ವಿಶ್ರಾಂತಿಯಲ್ಲಿದ್ದ 52 ಜನರಲ್ಲಿ 14 ಮಂದಿ ತೀರಿಕೊಂಡರು. ಒಟ್ಟು ಎಷ್ಟು ಜನ ಎಂಬುದು ಕಣ್ಣೆದುರಿಗಿದ್ದರೆ ಓದುಗರೇ ಭಾಗಿಸಿ ನೋಡಬಹುದು.

ಕೃಷಿ ಲೇಖನಗಳ ಕೋಷ್ಟಕದ ತಳದಲ್ಲಿ ‘ಸಿ.ಡಿ.’ (ಕ್ರಿಟಿಕಲ್ ಡಿಫರೆನ್ಸ್) ಎಂಬ ಸಾಲಿರುತ್ತದೆ, ಅನೇಕರು ಅದನ್ನು ದಾಟಿ ಹೋಗುತ್ತಾರೆ. ಎರಡು ಉಪಚಾರಗಳ ನಡುವಿನ ಅಂತರ ಆ ಸಂಖ್ಯೆಯನ್ನು ಮೀರಿದಾಗ ಮಾತ್ರ ಅದನ್ನು ಸಂಖ್ಯಾಶಾಸ್ತ್ರದ ಲೆಕ್ಕದಲ್ಲಿ ಗಣನೀಯವೆನ್ನಬಹುದು. ಉದಾಹರಣೆಗೆ ಒಂದು ಗೊಬ್ಬರದಲ್ಲಿ ಹೆಕ್ಟೇರಿಗೆ 4.2 ಟನ್, ಇನ್ನೊಂದರಲ್ಲಿ 4.6 ಟನ್ ಬಂದು ಸಿ.ಡಿ. 0.6 ಎಂದಿದ್ದರೆ, ಎರಡನೆಯದು ಮೇಲೆಂದು ಆ ಪ್ರಯೋಗ ಹೇಳುತ್ತಿಲ್ಲ. ಅಲ್ಲಿ ‘ಎನ್.ಎಸ್.’ ಎಂದಿದ್ದರೆ ಯಾವ ಅಂತರವೂ ಗಣನೀಯವಲ್ಲ ಎಂದರ್ಥ. ಬ್ರ್ಯಾಂಡ್ ಲೇಖನಗಳಲ್ಲಿ ಪ್ರಶ್ನಾವಳಿಯ ಕ್ರಾನ್‌ಬಾಕ್ ಆಲ್ಫಾ ಎಂಬ ಅಂಕಿ 0.7ಕ್ಕಿಂತ ಹೆಚ್ಚಿದೆಯೇ ಎಂದು ನೋಡುವುದು ವಾಡಿಕೆ. ಪ್ರಶ್ನೆಗಳು ಒಂದಕ್ಕೊಂದು ಹೊಂದುತ್ತವೆಯೆಂದಷ್ಟೇ ಅದು ತಿಳಿಸುತ್ತದೆ, ಸರಿಯಾದ ಸಂಗತಿಯನ್ನೇ ಅಳೆದರೆಂದಲ್ಲ.

ಟಿಪ್ಪಣಿ ಮತ್ತು ಜೋಡಣೆ

ಓದಿದ ಪ್ರತಿ ಲೇಖನಕ್ಕೂ ನೋಟ್‌ಬುಕ್ಕಿನಲ್ಲಿ ಒಂದು ಸಾಲು ಮೀಸಲಿಡಿ: ವರ್ಷ, ಯಾರಲ್ಲಿ ಅಥವಾ ಯಾವುದರಲ್ಲಿ, ಎಷ್ಟು, ಹೋಲಿಕೆ ಯಾವುದು, ಏನು ಕಂಡಿತು, ಹಣ ಯಾರದು. ನಿಮ್ಮ ಅಭಿಪ್ರಾಯವನ್ನು ಬೇರೆ ಬಣ್ಣದ ಶಾಯಿಯಲ್ಲಿ ಬರೆದರೆ ಮುಂದೆ ಲೇಖಕರ ಮಾತು ಮತ್ತು ನಿಮ್ಮ ಮಾತು ಕಲಸಿಹೋಗುವುದಿಲ್ಲ, ಕೃತಿಚೌರ್ಯದ ಅಪಾಯವೂ ತಪ್ಪುತ್ತದೆ. ನಿಮ್ಮ ನಿಲುವಿಗೆ ವಿರುದ್ಧವಾಗಿರುವ ಲೇಖನಗಳನ್ನು ಕಡ್ಡಾಯವಾಗಿ ಸೇರಿಸಿ.

ಮೂರು ಕ್ಷೇತ್ರಗಳನ್ನು ಒಟ್ಟಿಗೆ ತರುವಾಗ ಒಂದರ ಸಾಕ್ಷ್ಯವನ್ನು ಇನ್ನೊಂದರ ಖಾತೆಗೆ ಜಮಾ ಮಾಡಬಾರದು. ಜಿ.ಐ. ಟ್ಯಾಗ್ ಹಣ್ಣು ಎಲ್ಲಿಯದೆಂದು ಹೇಳುತ್ತದೆ, ಅದರೊಳಗೆ ಬೆಂಡು ಇಲ್ಲವೆಂದು ಹೇಳುವುದಿಲ್ಲ. ಬೆಂಡಿಲ್ಲದ ಹಣ್ಣು ಕೃಷಿಯ ಗೆಲುವು, ಮಧುಮೇಹಿಗೆ ಅದು ಎಷ್ಟು ಸಲ್ಲುತ್ತದೆಂಬುದು ಬೇರೆಯದೇ ಪ್ರಯೋಗದಿಂದ ತಿಳಿಯಬೇಕಾದದ್ದು. ಮಾವನವರ ವಿಷಯದಲ್ಲಂತೂ ನೋಟ್‌ಬುಕ್ಕಿನ ಆ ಪುಟವನ್ನೂ ಅವರ ಇತ್ತೀಚಿನ ಎಚ್‌ಬಿಎ1ಸಿ ವರದಿಯನ್ನೂ ಅವರನ್ನು ನೋಡುವ ವೈದ್ಯರ ಮುಂದಿಟ್ಟು, ಎಷ್ಟು ಹೋಳು, ಯಾವ ಹೊತ್ತಿಗೆ ಎಂದು ಕೇಳಬೇಕು.