ಅಡುಗೆಮನೆ ಗೋಡೆ ಒದ್ದೆಯೇ? ಟೈಲ್ಸ್ ಒಡೆಸುವ ಮೊದಲು ಇಷ್ಟು ನೋಡಿ

ಸಿಂಕ್ ಕೆಳಗಿನ ಬಾಗಿಲು ತೆಗೆದರೆ ಒದ್ದೆ ಗೋಣಿಚೀಲದ ವಾಸನೆ. ಪ್ಲೈವುಡ್ ಅಂಚು ಉಬ್ಬಿ ಬಾಗಿಲು ಸರಿಯಾಗಿ ಕೂರುವುದಿಲ್ಲ. ಆದರೆ ನೀರು ತೊಟ್ಟಿಕ್ಕುವುದು ಮಾತ್ರ ಎಲ್ಲೂ ಕಾಣುವುದಿಲ್ಲ. ನಮ್ಮ ಮನೆಯಲ್ಲಿ ಹೀಗಾದಾಗ ಪ್ಲಂಬರ್ ಬಂದು ಟೈಲ್ಸ್ ತಟ್ಟಿ, 'ಒಳಗಿನ ಲೈನ್ ಹೋಗಿದೆ, ಒಡೀಲೇಬೇಕು' ಎಂದರು. ನಾಲ್ಕು ಟೈಲ್ಸ್ ಒಡೆಸಿದೆವು. ಒಳಗಿನ ಪೈಪ್ ಆರಾಮಾಗಿ ಒಣಗಿ ಕೂತಿತ್ತು!

ನೀರು ಸೋರುವುದು ಒಂದು ಕಡೆ, ಕಾಣುವುದು ಇನ್ನೊಂದು ಕಡೆ. ಪೈಪಿನ ಮೈ ಹಿಡಿದು ಹರಿದು, ಬೆಂಡ್ ಬಂದಲ್ಲಿ ಬೀಳುತ್ತದೆ. ಬತ್ತಿಗೆ ಎಣ್ಣೆ ಏರುವ ಹಾಗೆ ಇಟ್ಟಿಗೆಯಲ್ಲಿ ಮೇಲಕ್ಕೂ ಏರುತ್ತದೆ. ಹಾಗಾಗಿ ಎಲ್ಲಿ ಒದ್ದೆಯಾಗಿದೆ ಎಂದು ಹುಡುಕುತ್ತಾ ಕೂತರೆ ದಾರಿ ತಪ್ಪುತ್ತದೆ. ಯಾವಾಗ ಒದ್ದೆಯಾಗುತ್ತದೆ ಎಂದು ನೋಡಿ.

ಮೊದಲು ಕಪಾಟು ಪೂರ್ತಿ ಖಾಲಿ ಮಾಡಿ. ಒದ್ದೆ ಗೋಡೆಯ ಹತ್ತಿರ ವಾಟರ್ ಪ್ಯೂರಿಫೈಯರ್ ಅಥವಾ ಗೀಸರ್‌ನ ಪ್ಲಗ್ ಪಾಯಿಂಟ್ ಇದ್ದರೆ ಎಂಸಿಬಿ (ಕರೆಂಟ್ ಬೋರ್ಡಿನ ಸುರಕ್ಷಾ ಸ್ವಿಚ್) ಇಳಿಸಿಯೇ ಕೈ ಹಾಕಿ. ಎಲ್ಲವನ್ನೂ ಒಣಬಟ್ಟೆಯಿಂದ ಒರೆಸಿ. ಗೋಡೆಯ ಒದ್ದೆ ಗುರುತಿನ ಸುತ್ತ ಪೆನ್ಸಿಲ್‌ನಿಂದ ಗೆರೆ ಎಳೆದು ತಾರೀಖು ಬರೆಯಿರಿ. ಕೆಳಗೆ ಹಳೆ ಪೇಪರ್ ಹಾಸಿ. ಓದಿ ಮುಗಿಸಿದ ಮೇಲೆ ಈ ಪುರವಣಿಯಾದರೂ ಸರಿ. ಒಂದೇ ಹನಿ ಬಿದ್ದರೂ ಪೇಪರ್ ಮೇಲೆ ಕಲೆ ಉಳಿಯುತ್ತದೆ.

ರಾತ್ರಿ ಪಾತ್ರೆ ತೊಳೆದಾದ ಮೇಲೆ ಪರೀಕ್ಷೆ ಶುರು. ಮನೆಯ ಎಲ್ಲ ನಲ್ಲಿ ನಿಲ್ಲಿಸಿ, ಓವರ್‌ಹೆಡ್ ಟ್ಯಾಂಕಿನಲ್ಲಿ ಕೋಲು ಇಳಿಸಿ ನೀರಿನ ಮಟ್ಟ ಗುರುತು ಮಾಡಿ. ಸಂಪು ಇರುವ ಮನೆಯಲ್ಲಿ ರಸ್ತೆ ಬದಿಯ ಮೀಟರ್ ನೋಡಿ ಲಾಭವಿಲ್ಲ, ಅದು ಸಂಪಿಗೆ ಬರುವ ನೀರನ್ನಷ್ಟೇ ಅಳೆಯುತ್ತದೆ. ಬೆಳಗ್ಗೆ ಯಾರೂ ನಲ್ಲಿ ಮುಟ್ಟುವ ಮೊದಲು ಮತ್ತೆ ಅಳೆಯಿರಿ. ಮಟ್ಟ ಇಳಿದಿದ್ದು, ಹಾಸಿದ ಪೇಪರೂ ಒದ್ದೆಯಾಗಿದ್ದರೆ ಟ್ಯಾಂಕಿನಿಂದ ನೀರು ತರುವ ಒತ್ತಡದ ಲೈನಿನಲ್ಲೇ ಸೋರಿಕೆ: ಆ್ಯಂಗಲ್ ಕಾಕ್ (ಸಿಂಕ್ ಕೆಳಗೆ ಗೋಡೆಯಲ್ಲಿರುವ ಸಣ್ಣ ವಾಲ್ವ್), ನಲ್ಲಿಗೆ ಹೋಗುವ ಕನೆಕ್ಷನ್ ಪೈಪ್, ಪ್ಯೂರಿಫೈಯರ್‌ನ ಸಣ್ಣ ಟ್ಯೂಬ್ ಅಥವಾ ಗೋಡೆಯೊಳಗಿನ ಪೈಪ್. ಪೇಪರ್ ಒಣಗಿದ್ದು ಮಟ್ಟ ಮಾತ್ರ ಇಳಿದಿದ್ದರೆ ಟಾಯ್ಲೆಟ್ಟಿನ ಫ್ಲಶ್ ನೋಡಿ, ಸದ್ದಿಲ್ಲದೆ ಸೋರುವುದರಲ್ಲಿ ಅದು ನಿಸ್ಸೀಮ. ಇನ್ನು ಸಣ್ಣ ಸೋರಿಕೆಯಾದರೆ ದೊಡ್ಡ ಟ್ಯಾಂಕಿನಲ್ಲಿ ಗೊತ್ತೇ ಆಗುವುದಿಲ್ಲ. ಆಸ್ಪತ್ರೆಯ ಡ್ರಿಪ್ ಸೆಟ್ಟಿನ ಲೆಕ್ಕದಲ್ಲಿ 20 ಹನಿಗೆ ಒಂದು ಮಿಲಿಲೀಟರ್. ಸೆಕೆಂಡಿಗೆ ಒಂದು ಹನಿ ಬಿದ್ದರೂ ದಿನಕ್ಕೆ 4 ಲೀಟರ್ ದಾಟುತ್ತದೆ, ರಾತ್ರಿಯೊಂದರಲ್ಲಿ ಒಂದೂವರೆ ಲೀಟರ್. ಹಾಗಾಗಿ ಟ್ಯಾಂಕಿಗಿಂತ ಪೇಪರನ್ನೇ ಜಾಸ್ತಿ ನಂಬಿ. ಜೋಡಣೆಗಳಿಗೆಲ್ಲ ಟಿಶ್ಯೂ ಸುತ್ತಿಟ್ಟರೆ ಯಾವುದು ಸೋರುತ್ತಿದೆ ಎಂದು ತಾನೇ ಹೇಳುತ್ತದೆ.

ರಾತ್ರಿಯಿಡೀ ಪೇಪರ್ ಒಣಗಿಯೇ ಇತ್ತೇ? ಹಾಗಾದರೆ ಹೊರಹೋಗುವ ನೀರಿನ ಮೇಲೆ ಅನುಮಾನ. ನಲ್ಲಿ ಸುಮ್ನೆ ಬಿಟ್ಟು ನೋಡಿದರೆ ಇದು ಸಿಗುವುದಿಲ್ಲ. ಸಿಂಕಿನ ಬಾಯಿ ಮುಚ್ಚಿ ಮುಕ್ಕಾಲು ಭಾಗ ತುಂಬಿಸಿ, ಬೀಟ್‌ರೂಟ್ ಬೇಯಿಸಿದ ನೀರು ಬೆರೆಸಿ. ಅರಿಶಿನ ಬೇಡ, ಕಲೆ ಹೋಗುವುದಿಲ್ಲ. ಹತ್ತು ನಿಮಿಷ ಹಾಗೇ ನಿಲ್ಲಲಿ. ಆಗಲೇ ಕೆಳಗೆ ಕೆಂಪು ಹನಿ ಕಂಡರೆ ವೇಸ್ಟ್ ಕಪ್ಲಿಂಗಿನ (ಸಿಂಕಿನ ಬಾಯಿಗೆ ಕೂರಿಸಿದ ಜೋಡಣೆ) ವಾಷರ್ ಹೋಗಿದೆ. ಬಾಯಿ ತೆರೆದು ನೀರನ್ನು ಒಮ್ಮೆಲೇ ಬಿಟ್ಟಾಗ ಕಂಡರೆ ವೇಸ್ಟ್ ಪೈಪ್ ಬಿರುಕು ಬಿಟ್ಟಿದೆ, ಇಲ್ಲವೇ ಕೆಳಗೆ ಕಟ್ಟಿಕೊಂಡು ನೀರು ಹಿಂದಕ್ಕೆ ಉಕ್ಕುತ್ತಿದೆ.

ನಮ್ಮನೆಯಲ್ಲಿ ಇದ್ಯಾವುದೂ ಆಗಿರಲಿಲ್ಲ. ಪಾತ್ರೆ ತೊಳೆದ ಅರ್ಧ ಗಂಟೆಗೆ ಒದ್ದೆಯಾಗುತ್ತಿತ್ತು, ನೀರಿಗೆ ಸೋಪಿನ ವಾಸನೆಯಿತ್ತು. ಕೊನೆಗೆ ಗ್ರಾನೈಟ್ ಕಟ್ಟೆ ಮತ್ತು ಹಿಂದಿನ ಟೈಲ್ಸ್ ಸೇರುವ ಸಂದಿನ ಮೇಲೆ ನೆನೆಸಿದ ಬಟ್ಟೆ ಹಾಸಿ ಕಾದೆವು. ಇಪ್ಪತ್ತು ನಿಮಿಷಕ್ಕೆ ಕೆಳಗೆ ಹನಿ! ಕೂದಲೆಳೆಯಷ್ಟು ಬಿರುಕಿನಿಂದ ಇಳಿಯುತ್ತಿತ್ತು. ನಲ್ಲಿಯ ಬುಡದ ತೂತಿನದೂ ಇದೇ ಕಥೆ, ಅಲ್ಲೂ ಬಟ್ಟೆ ಹಾಸಿ ನೋಡಿ. ಸಂದಿಗೆ ತುಂಬಿದ್ದ ಹಳೆ ಗ್ರೌಟ್ ಕೆರೆದು, ಚೆನ್ನಾಗಿ ಒಣಗಿಸಿ, ಸಿಲಿಕೋನ್ ತುಂಬಿದೆವು. ಒಂದು ಟ್ಯೂಬಿನಲ್ಲಿ ಮುಗಿಯುವ ಕೆಲಸಕ್ಕೆ ನಾಲ್ಕು ಟೈಲ್ಸ್ ಬಲಿ.

ಮಳೆ ಬಂದಾಗ ಮಾತ್ರ ಒದ್ದೆಯಾದರೆ ಹೊರಗೋಡೆ, ಸಜ್ಜಾ, ಕಿಟಕಿ ಅಂಚು ನೋಡಿ. ಫ್ಲ್ಯಾಟ್ ಆದರೆ ಮೇಲಿನವರ ಸಿಂಕ್ ಸಾಮಾನ್ಯವಾಗಿ ನಮ್ಮ ಸಿಂಕಿನ ನೇರಕ್ಕೇ ಇರುತ್ತದೆ. ಅವರು ಊರಿಗೆ ಹೋದ ವಾರ ಗೋಡೆ ಒಣಗುತ್ತದೆಯೇ ಗಮನಿಸಿ, ಆಮೇಲೆ ಬಾಗಿಲು ತಟ್ಟಿ.

ಎಲ್ಲ ಮುಗಿದು ಗೋಡೆಯೊಳಗಿನ ಪೈಪಿನ ಮೇಲೇ ಅನುಮಾನ ಉಳಿದರೆ, ಒಡೆಯುವ ಮೊದಲು ಪ್ಲಂಬರ್ ಹತ್ತಿರ ಪ್ರೆಶರ್ ಪಂಪ್ ಹಾಕಿಸಿ. ಲೈನಿನ ತುದಿಗಳನ್ನು ಮುಚ್ಚಿ ನೀರು ತುಂಬಿ ಒತ್ತಡ ಕೊಡುತ್ತಾರೆ. ಪಂಪಿನ ಒತ್ತಡ ತೋರಿಸುವ ಮುಳ್ಳು ನಿಂತಲ್ಲೇ ನಿಂತರೆ ಪೈಪ್ ಸರಿಯಿದೆ.

ಸೋರಿಕೆ ನಿಂತ ತಕ್ಷಣ ಪೇಂಟ್ ಹೊಡೆಸಬೇಡಿ. ಗೋಡೆ ಪೂರ್ತಿ ಒಣಗಲು ವಾರಗಳೇ ಬೇಕು, ಬಿಳಿ ಉಪ್ಪಿನ ಪುಡಿ ಉದುರುತ್ತಲೇ ಇರುತ್ತದೆ. ಅವಾಗವಾಗ ಒಣ ಬ್ರಷ್‌ನಿಂದ ಉಜ್ಜಿ ತೆಗೆಯಿರಿ. ಮೊದಲ ದಿನ ಎಳೆದ ಪೆನ್ಸಿಲ್ ಗೆರೆ ಈಗ ಕೆಲಸಕ್ಕೆ ಬರುತ್ತದೆ. ಒದ್ದೆ ಗೆರೆಯ ಒಳಗೆ ಸರಿಯುತ್ತಿದ್ದರೆ ಕಾಯಿರಿ. ಗೆರೆ ದಾಟಿದರೆ ಮತ್ತೆ ಪೇಪರ್ ಹಾಸಿ.